ಟಿವಿಯಲ್ಲಿ ಆಡಿದ ಮಾತು

ಕಪಿಲಾ ನದಿಯ ದಂಡೆಯಲ್ಲಿ ಚನ್ನಿಗರಾಯ ಮೇಷ್ಟ್ರ ಹೆಂಚಿನ ಮನೆ. ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟು, ಈಗ ಹುರುಳಿಯಲ್ಲಿ ಕಲ್ಲು ಆರಿಸಿಕೊಂಡು ನೆಮ್ಮದಿಯಾಗಿದ್ದರು. ಮನೆಯಲ್ಲಿ ಟಿವಿ ಇರಲಿಲ್ಲ.

ಅವರ ಶಿಷ್ಯ ತಮ್ಮಯ್ಯ ಅದೇ ಕಾಲೇಜಿನಲ್ಲಿ ಅದೇ ವಿಷಯದ ಪ್ರೊಫೆಸರು. ಅವನು ಮಾತ್ರ ವಾರಕ್ಕೆ ನಾಲ್ಕು ದಿನ ಟಿವಿಯಲ್ಲಿ. ಜಿಲ್ಲೆಯ ಚಾನೆಲ್ಲಿನವರು ಪಂಚಾಯಿತಿಗೂ ಅವನನ್ನೇ ಕರೆಯುತ್ತಿದ್ದರು, ಪಾರ್ಲಿಮೆಂಟಿಗೂ ಅವನನ್ನೇ. ತಪ್ಪೇನಿಲ್ಲ ಬಿಡಿ, ಓದಿದವನು ನಾಲ್ಕು ಜನಕ್ಕೆ ತಿಳಿಸಿ ಹೇಳಬೇಕಾದ್ದೇ.

ಒಂದು ಬೆಳಿಗ್ಗೆ ತಮ್ಮಯ್ಯ ಬಂದು ಜಗುಲಿಯ ಕಂಬಕ್ಕೊರಗಿ ಕೂತ. ಮುಖ ಬಾಡಿತ್ತು.

"ಮೇಷ್ಟ್ರೇ, ಇವತ್ತಿಂದ ನಾನು ಟಿವಿಗೆ ಹೋಗಲ್ಲ. ಬಾಯೇ ಬಿಡಲ್ಲ. ಮೌನ."

"ಏನಾಯ್ತಯ್ಯ?"

ಆದದ್ದು ಇಷ್ಟು. ಆಚೆ ದಂಡೆಯ ಊರಿನ ಪಂಚಾಯಿತಿ ಅಧ್ಯಕ್ಷೆ ಸಣ್ಣತಾಯಮ್ಮ. ಸದಸ್ಯರೆಲ್ಲ ಒಂದಾಗಿ ಆಕೆಯ ಮೇಲೆ ಅವಿಶ್ವಾಸ ತರಲು ಹೊರಟಿದ್ದರು. ಆಕೆ ಉಳೀತಾರಾ ಸಾರ್ ಎಂದು ಚಾನೆಲ್ಲಿನ ನಿರೂಪಕಿ ಕೇಳಿದಳು. ತಮ್ಮಯ್ಯನಿಗೆ ನಿಯಮ ಸರಿಯಾಗಿ ನೆನಪಿರಲಿಲ್ಲ. ಆದರೂ, ಕಾನೂನಿನ ಪ್ರಕಾರ ಆಕೆಯ ಕುರ್ಚಿ ಹೋದಂತೆಯೇ ಎಂದುಬಿಟ್ಟ. ಅದನ್ನು ಕೇಳಿ ಸಣ್ಣತಾಯಮ್ಮ ಮರುದಿನವೇ ರಾಜೀನಾಮೆ ಬರೆದುಕೊಟ್ಟಳು.

"ಗೊತ್ತಿಲ್ಲ ಅನ್ನಬಹುದಿತ್ತಲ್ಲ?"

"ಪ್ರೊಫೆಸರ್ ಅಂತ ಕರೆದು ಕೂರಿಸಿದಾರೆ. ಗೊತ್ತಿಲ್ಲ ಅಂತ ಹೇಗನ್ನೋದು ಮೇಷ್ಟ್ರೇ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಜೀನಾಮೆಯ ಸುದ್ದಿ ಕೇಳಿದ ಮೇಲೆ ತಮ್ಮಯ್ಯ ಪುಸ್ತಕ ತೆಗೆದು ನೋಡಿದ್ದ. ಅಧ್ಯಕ್ಷರಾದ ಮೊದಲ ವರ್ಷದಲ್ಲಿ ಯಾರೂ ಅವಿಶ್ವಾಸ ತರುವ ಹಾಗೇ ಇಲ್ಲ. ಸಣ್ಣತಾಯಮ್ಮ ಕುರ್ಚಿಗೆ ಬಂದು ಎಂಟೇ ತಿಂಗಳು. ಆಕೆಯನ್ನು ಒಬ್ಬರೂ ಅಲುಗಾಡಿಸುವಂತಿರಲಿಲ್ಲ.

"ನಿನ್ನೆ ಫೋನ್ ಮಾಡಿದ್ಲು. ಬೈಯೋಕಲ್ಲ ಮೇಷ್ಟ್ರೇ. ನಿಮ್ಮಿಂದ ನನ್ನ ಮರ್ಯಾದೆ ಉಳೀತು ಸಾರ್, ಇಲ್ದಿದ್ರೆ ತುಂಬಿದ ಸಭೇಲಿ ಎಬ್ಬಿಸಿ ಕಳಿಸ್ತಿದ್ರು ಅಂದ್ಲು. ಬೈದಿದ್ರೇ ಚೆನ್ನಾಗಿತ್ತು."

"ಬರೆದುಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕೆ ಬರುತ್ತಾ?"

"ಬರುತ್ತೆ. ನಾಳೆ ಸಂಜೆಯೊಳಗೆ."

"ಅದು ಅವಳಿಗೆ ಗೊತ್ತಾ?"

"ಇಲ್ಲ. ನನಗೆ ಗೊತ್ತು. ಈಗ ನಿಮಗೆ."

ಮೇಷ್ಟ್ರು ಒಳಗೆ ಹೋಗಿ ಒಂದು ಚಾಪೆ ತಂದು ಹಾಸಿದರು.

"ಇಲ್ಲಿ ಕೂತ್ಕೊ. ಮೌನ ಶುರು ಮಾಡು."

ತಮ್ಮಯ್ಯ ಕೂತ. ಕಣ್ಣು ಮುಚ್ಚಿದ. ಕೆಳಗೆ ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಮಾತಾಡದೆ ಇರುವುದು ಇಷ್ಟು ಸುಖವೇ ಎಂದು ಅವನಿಗೆ ಅನ್ನಿಸತೊಡಗಿತು. ಮೇಷ್ಟ್ರು ಮೊರದ ತುಂಬ ಹುರುಳಿ ಹರಡಿಕೊಂಡು ತಮ್ಮ ಪಾಡಿಗೆ ಕಲ್ಲು ಆರಿಸುತ್ತಿದ್ದರು.

"ಒಂದು ಗಂಟೆ ಹೋಯ್ತು ಕಣಯ್ಯ," ಎಂದರು ಮೇಷ್ಟ್ರು.

"ಹೋಗಲಿ ಬಿಡಿ ಮೇಷ್ಟ್ರೇ. ನನಗೇನು ಆತುರ?"

"ನಿಂದಲ್ಲ. ಅವಳದು."

ತಮ್ಮಯ್ಯನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಜೇಬಿನಿಂದ ಫೋನ್ ತೆಗೆದ. ಸಣ್ಣತಾಯಮ್ಮ ಎತ್ತಿದಳು. ಅವನು ಇದ್ದದ್ದು ಇದ್ದ ಹಾಗೆ ಹೇಳಿದ: ಅಂದು ಹೇಳಿದ್ದು ತಪ್ಪು, ರಾಜೀನಾಮೆ ವಾಪಸ್ ತಗೊಳ್ಳಿ, ನಾಳೆ ಸಂಜೆಯವರೆಗೆ ಅವಕಾಶವಿದೆ.



"ಟಿವೀಲಿ ಹೇಳಿದ್ದು ತಪ್ಪಾಯ್ತದಾ ಸಾರ್?"

"ತಪ್ಪು ಹೇಳಿದೆ ಕಣಮ್ಮ. ನೋಡದೆ ಹೇಳಿದೆ."

"ನಮ್ ಕೇರಿಗೆ ನೀರಿನ ಪೈಪು ಅರ್ಧಕ್ಕೆ ನಿಂತದೆ ಸಾರ್. ಅದೊಂದು ಮುಗಿಸಬೇಕಂತ ಆಸೆ ಇತ್ತು. ನೀವು ಫೋನಲ್ಲಿ ಹೇಳಿದ್ರೆ ನಾನು ನಂಬ್ತೀನಿ. ಮೆಂಬರುಗಳು ನಂಬ್ತಾರಾ? ನಮ್ ಯಜಮಾನ್ರೇ ನಂಬಕ್ಕಿಲ್ಲ. ಎಲ್ರೂ ಟಿವೀಲಿ ಕೇಳವ್ರೆ. ಟಿವೀಲೇ ಹೇಳಿ ಸಾರ್. ಆಗ ಧೈರ್ಯವಾಗಿ ಆಫೀಸಿಗೆ ಹೋಯ್ತೀನಿ."

ತಮ್ಮಯ್ಯ ಫೋನ್ ಇಟ್ಟು ಮೇಷ್ಟ್ರ ಮುಖ ನೋಡಿದ. ಅವರು ಹುರುಳಿ ನೋಡುತ್ತಿದ್ದರು.

ಅಷ್ಟರಲ್ಲಿ ಫೋನ್ ರಿಂಗಾಯಿತು. ಚಾನೆಲ್ಲಿನವರು. ಸಂಜೆ ಆರು ಗಂಟೆಗೆ ನೇರಪ್ರಸಾರ, ಎಲ್ಲೋ ಸಮುದ್ರದಾಚೆಯ ದೇಶಗಳ ಯುದ್ಧದ ಬಗ್ಗೆ ಚರ್ಚೆ, ಪ್ರೊಫೆಸರಿಗೆ ಎರಡು ನಿಮಿಷ. ಐದು ನಿಮಿಷದಲ್ಲಿ ತಿಳಿಸುತ್ತೇನೆ ಎಂದು ತಮ್ಮಯ್ಯ ಹೇಳಿದ.

"ಹೋಗು," ಎಂದರು ಮೇಷ್ಟ್ರು. "ಅಲ್ಲೇ ಹೇಳು."

"ನಾನು ಹೇಳಿದ್ದೇ ತಪ್ಪು ಅಂತ ನೇರಪ್ರಸಾರದಲ್ಲಿ ಹೇಳಿದ್ರೆ, ಇನ್ನು ಜನ್ಮದಲ್ಲಿ ನನ್ನನ್ನ ಕರೆಯಲ್ಲ ಅವರು."

"ಮೌನ ಬೇಕು ಅಂತಿದ್ದೆಯಲ್ಲ. ಆಮೇಲೆ ಬೇಕಾದಷ್ಟು ಸಿಗುತ್ತೆ."

ತಮ್ಮಯ್ಯನಿಗೆ ನಗುವೂ ಬಂತು, ಭಯವೂ ಆಯಿತು. ಎದ್ದು ನಿಂತ, ಮತ್ತೆ ಕೂತ.

"ಆದರೆ ಸಮಯ ಎಲ್ಲಿದೆ ಮೇಷ್ಟ್ರೇ? ಕೊಡೋದೇ ಎರಡು ನಿಮಿಷ. ಅದರಲ್ಲಿ ಯುದ್ಧದ ವಿಷಯ ಹೇಳಬೇಕು."

ಮೇಷ್ಟ್ರು ಮೊರವನ್ನು ಪಕ್ಕಕ್ಕಿಟ್ಟರು.

"ಆ ಯುದ್ಧದ ವಿಷಯ ನಿನಗೆಷ್ಟು ಗೊತ್ತು?"

ತಮ್ಮಯ್ಯ ಪ್ರಾಮಾಣಿಕವಾಗಿ ಯೋಚಿಸಿದ.

"ಏನೂ ಗೊತ್ತಿಲ್ಲ ಮೇಷ್ಟ್ರೇ."

"ಹಾಗಾದರೆ ಎರಡು ನಿಮಿಷವೂ ಪೂರ್ತಿ ಉಳೀತಲ್ಲಯ್ಯ. ಹೊರಡು."