ಹಿರಿಯರ ಹ್ಯಾಟು ದಿಬ್ಬ

ನೆವಾಡಾ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಸಿಯೆರಾ ಪರ್ವತಗಳ ಬುಡದಲ್ಲಿ, ‘ಹಿರಿಯರ ಹ್ಯಾಟು’ ಎಂಬ ದಿಬ್ಬವೊಂದಿದೆ. ಹ್ಯಾಟಿನ ಆಕಾರ ಅದಕ್ಕಿಲ್ಲ. ಮಗುಚಿದ ಬೋಗುಣಿ ಎಂದರೆ ಒಪ್ಪಬಹುದು. ಮಲಗಿದ ಎಮ್ಮೆ ಎಂದರೆ ಇನ್ನೂ ವಾಸಿ. ದಿಬ್ಬದ ಬಗಲಲ್ಲಿ ಒಂದು ಕಿರುಗಾಲುವೆ, ಅದರ ಕೊನೆಗೆ ಕೆಲವು ಸೇಬಿನ ಮರಗಳು, ಮರಗಳ ನೆರಳಿನಲ್ಲಿ ಒಂದು ಹಣ್ಣಿನಂಗಡಿ. ಅಲ್ಲಿ ನಿಂತು ನೋಡಿದರೆ ಕಾಲುವೆಯ ನೀರು ಸದ್ದಿಲ್ಲದೆ ದಿಬ್ಬ ಹತ್ತುತ್ತದೆ. ಹೌದು, ಹತ್ತುತ್ತದೆ. ನನ್ನ ಮಾತು ನಂಬದವರು ಬಹಳ ಮಂದಿ, ಅವರಲ್ಲಿ ನನ್ನ ಹೆಂಡತಿಯೇ ಮೊದಲಿಗಳು. ಆದರೆ ಇದನ್ನು ಆಕೆಯೂ ಕಂಡಿದ್ದಾಳೆ. ಇಲ್ಲಿನ ಮೂಲನಿವಾಸಿಗಳಾದ ವಾಶೋ ಜನ ಈ ದಿಬ್ಬಕ್ಕೆ ಬಹಳ ಹಿಂದೆಯೇ ಬೇರೊಂದು ಹೆಸರಿಟ್ಟಿದ್ದರು. ಆಮೇಲೆ ಬಂದವರು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹಿಂದೆ ಒಮ್ಮೆ, ನೆವಾಡಾ ಇನ್ನೂ ರಾಜ್ಯವಾಗದೆ ಯೂಟಾ ಸೀಮೆಯ ಬಾಲದಂತಿದ್ದ ಕಾಲದಲ್ಲಿ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಕೆಲವು ಕುಟುಂಬಗಳು ಎತ್ತಿನ ಬಂಡಿಗಳಲ್ಲಿ ಇಲ್ಲಿಗೆ ಬಂದು ನೆಲೆಸಿದವು. ಊರು ಕಟ್ಟುವುದು, ಕಟ್ಟಿದ್ದನ್ನು ಬಿಟ್ಟು ಹೊರಡುವುದು ಆ ಜನರ ಹಣೆಬರಹವಾಗಿತ್ತು. ಅವರಲ್ಲಿ ಕೆಜೈಯಾ ಎಂಬ ವಿಧವೆಯೊಬ್ಬಳಿದ್ದಳು. ಅವಳು ಮಿಸೌರಿಯಲ್ಲಿ ಸೇಬಿನ ಸಸಿ ನೆಟ್ಟಳು. ಅದು ಮೊಣಕಾಲೆತ್ತರ ಬರುವಷ್ಟರಲ್ಲಿ ಪಂಥವನ್ನು ಸಹಿಸದ ನೆರೆಹೊರೆಯವರು ಇವರನ್ನೆಲ್ಲ ಅಟ್ಟಿದರು. ಇಲಿನಾಯ್‌ನಲ್ಲಿ ನೆಟ್ಟಳು; ಹೂ ನೋಡಿದ್ದೇ ಬಂತು, ಅಲ್ಲಿಂದಲೂ ಅಟ್ಟಿದರು. ಯೂಟಾದಲ್ಲಿ ಪಂಥದ ಕೇಂದ್ರವಾದ ಸಾಲ್ಟ್ ಲೇಕ್‌ನಲ್ಲಿ ನೆಟ್ಟಳು. ಈ ಸಲ ಗಡಿಗೆ ಹೋಗಿ ನೆಲೆಯೂರಿ ಎಂದು ಪಂಥದ ಮುಖ್ಯಸ್ಥರೇ ಕಳುಹಿಸಿದರು. ಮತ್ತೆ ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದು ಈ ದಿಬ್ಬದ ಬಗಲಲ್ಲಿ ನೆಟ್ಟಳು, ಕಾಲುವೆಯನ್ನು ತಾನೇ ಅಗೆದು ನೀರು ತಂದಳು. “ನಾನು ನೆಟ್ಟದ್ದನ್ನು ಯಾರ್ಯಾರೋ ತಿಂದರು, ನಾನು ಮಾತ್ರ ಒಂದನ್ನೂ ಕಚ್ಚಲಿಲ್ಲ” ಎಂದು ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದಳಂತೆ.

ಆ ಮರಗಳು ಮೊದಲ ಸಲ ಕಾಯಿ ಬಿಟ್ಟ ವರ್ಷವೇ ಪಂಥದವರನ್ನು ಬಗ್ಗಿಸಲು ಯೂಟಾದ ಮೇಲೆ ಸರ್ಕಾರದ ಸೈನ್ಯ ಹೊರಟ ಸುದ್ದಿ ಬಂತು. ಗಡಿಯಲ್ಲಿದ್ದವರೆಲ್ಲ ಹಿಂದಿರುಗಬೇಕು ಎಂಬ ಕರೆ ಹೊತ್ತು ಬಂದವನು ಲೆಮ್ಯುಯೆಲ್ ಎಂಬ, ಪಂಥದಲ್ಲಿ ‘ಹಿರಿಯ’ ಪದವಿಯವನು: ಊರೂರಲ್ಲಿ ನೀರಿನ ಗಿರಣಿ ಕಟ್ಟಿದವನು, ಎತ್ತರದ ಕರಿ ಹ್ಯಾಟಿನವನು, ನಗುವುದನ್ನು ಯಾರೂ ಕಾಣದವನು. ಎಲ್ಲರೂ ಬಂಡಿ ಕಟ್ಟಿದರು. ಕೆಜೈಯಾ ಮಾತ್ರ ಬಕೆಟ್ ಮಗುಚಿ ಅದರ ಮೇಲೆ ಕೂತುಬಿಟ್ಟಳು. “ಬಂಡಿ ಹತ್ತು, ಸಹೋದರಿ” ಎಂದ ಲೆಮ್ಯುಯೆಲ್. “ಹಣ್ಣು ಕೆಂಪಾಗಲಿ, ಹಿರಿಯರೇ.” “ಅಷ್ಟರಲ್ಲಿ ದಾರಿಗೆ ಹಿಮ ಬೀಳುತ್ತದೆ. ಸೇಬಿನ ದೆಸೆಯಿಂದ ದೇವರ ಮಾತು ಮೀರಿದವಳು ಏನಾದಳು, ಗೊತ್ತಲ್ಲ?” “ಮೊದಲ ಹೆಂಗಸು ಹವ್ವ ತಾನೆ? ಅವಳನ್ನೂ ತೋಟದಿಂದ ಅಟ್ಟಿದರು. ಆದರೆ ಅವಳು ತಿಂದು ಹೊರಟಳು!” ಬಂಡಿಗಳ ಹತ್ತಿರ ಗಡ್ಡದೊಳಗೇ ನಗು ಹರಿದಾಡಿತು. ಹಿರಿಯನ ಮುಖ ಕೆಂಪಾಯಿತು. “ಈ ಕಣಿವೆಯಲ್ಲಿ ನೀರು ದಿಬ್ಬ ಹತ್ತಿದ ದಿನ ನೀನು ಇಲ್ಲೇ ಇರಬಹುದು. ಈಗ ಎದ್ದೇಳು!” ಕೆಜೈಯಾ ಎದ್ದಳು, ಲಂಗ ಕೊಡವಿದಳು. “ನಾಲ್ಕು ಜನರ ಮುಂದೆ ಆಡಿದ ಮಾತು. ಬನ್ನಿ ಹಾಗಾದರೆ.”

ಹಿರಿಯ ಕಾಲುವೆಯ ದಡದಲ್ಲಿ ನಿಂತು ನೋಡಿದ, ಬಗ್ಗಿ ನೋಡಿದ, ಕೊನೆಗೆ ನೆಲಕ್ಕೆ ಕೆನ್ನೆಯಿಟ್ಟು ನೋಡಿದ. ಹ್ಯಾಟು ತೆಗೆದು ನೀರಿನ ಮೇಲಿಟ್ಟ. ಅದು ಗತ್ತಿನಿಂದ ದಿಬ್ಬ ಹತ್ತುತ್ತ ಸೇಬಿನ ಮರಗಳ ಕಡೆಗೆ ಹೋಯಿತು. ಆಗ ಆರ್ವಿನ್ ಎಂಬ ಬಂಡಿಯವನು ಕೂಗಿದ: “ಹಿರಿಯರೇ, ನಿಮ್ಮ ಗಿರಣಿ ಸಾಮಾನಿನಲ್ಲಿ ರಸಮಟ್ಟ ಇದೆಯಲ್ಲ! ಒಂದು ಸಲ ಇಟ್ಟು ನೋಡಿ, ಇಳಿಜಾರು ಯಾವ ಕಡೆಗೆಂದು ಗೊತ್ತಾಗುತ್ತದೆ.” ಕೆಜೈಯಾ ತಿರುಗಿ ತನ್ನ ಮರಗಳ ಕಡೆ ನೋಡಿದಳು. ಜೀವಮಾನವಿಡೀ ನೀರನ್ನು ಇಳಿಸಿ ಗಿರಣಿ ತಿರುಗಿಸಿದವನು ಹಸಿರು ಕಾಯಿಗಳನ್ನು ನೋಡಿದ, ಮಣ್ಣು ಮೆತ್ತಿದ ಅವಳ ಕೈಗಳನ್ನು ನೋಡಿದ. “ಕಣ್ಣೆದುರಿಗೆ ಕಾಣುವುದಕ್ಕೆ ರಸಮಟ್ಟ ಯಾಕಯ್ಯಾ? ಎತ್ತು ಹೂಡು” ಎಂದ. “ಹ್ಯಾಟು, ಹಿರಿಯರೇ?” ಎಂದು ಕೆಜೈಯಾ ಹಿಂದೆಯೇ ಓಡಿದಳು. “ಇರಲಿ. ಹಣ್ಣು ತುಂಬಲು ಬೇಕಾದೀತು.” ಬೋಳುತಲೆಯಲ್ಲೇ ಅವನು ಮರುಭೂಮಿ ದಾಟಿದ ಎನ್ನುತ್ತಾರೆ. ಹಣ್ಣು ಕೆಂಪಾದ ಮೇಲೆ ಕೆಜೈಯಾ ಮೊದಲನೆಯದನ್ನು ಕಚ್ಚಿ “ಹುಳಿ” ಎಂದಳಂತೆ. ಎಂದವಳೇ ಇನ್ನೊಂದಕ್ಕೆ ಕೈ ಹಾಕಿದಳಂತೆ. ಮರುವರ್ಷ ಹ್ಯಾಟಿನ ತುಂಬ ಒಣಸೇಬು ಸಾಲ್ಟ್ ಲೇಕ್ ತಲುಪಿತು ಎಂಬ ಮಾತೂ ಇದೆ. ಅದಕ್ಕೆ ಆಧಾರವಿಲ್ಲ; ಆದರೂ ನಾನು ಬಿಡದೆ ಹೇಳುತ್ತೇನೆ.

ಇಂದು ಅಲ್ಲೊಂದು ಫಲಕವಿದೆ. ಸುತ್ತಲಿನ ನೆಲ ಕಾಲುವೆಗಿಂತ ಕಡಿದಾಗಿ ಇಳಿಯುವುದರಿಂದ ಕಣ್ಣು ಮೋಸಹೋಗುತ್ತದೆ ಎಂದು ಅದರಲ್ಲಿ ಬರೆದಿದೆ. ಓದುವವರು ಕಡಿಮೆ. ಬಂದವರು ತಲೆಯ ಮೇಲಿನ ಹ್ಯಾಟನ್ನು ನೀರಿಗೆ ಬಿಡುತ್ತಾರೆ. ಮೇಲುಗಡೆ ಅಂಗಡಿಯ ಮುದುಕಿ ಅದನ್ನು ಕೋಲಿನಿಂದ ಎತ್ತಿ, ಒಳಗೊಂದು ಹುಳಿ ಸೇಬು ಹಾಕಿ ಹಿಂದಿರುಗಿಸುತ್ತಾಳೆ. ಆಗಾಗ ಯಾರಾದರೂ ಬುದ್ಧಿವಂತರು ರಸಮಟ್ಟ ಹಿಡಿದೇ ಕಾರಿನಿಂದ ಇಳಿಯುವುದುಂಟು. ಮುದುಕಿ ಬೇಡವೆನ್ನುವುದಿಲ್ಲ. “ಆ ಹಿರಿಯರೂ ತಂದಿದ್ದರಪ್ಪಾ” ಎನ್ನುತ್ತಾಳೆ, ಅಷ್ಟೇ. ಹೆಚ್ಚಿನವರು ಕಾರಿನ ತನಕ ಹೋಗಿ ರಸಮಟ್ಟವನ್ನು ಒಳಗಿಟ್ಟು, ಹ್ಯಾಟು ತೆಗೆದುಕೊಂಡು ಬರುತ್ತಾರೆ.