ಕೊಕ್ಕರೆಯ ಐವತ್ತನೇ ಪ್ರಯಾಣ

ಕೊಕ್ಕರೆಯೊಂದು ವಿಮಾನದ ಸೀಟಿನಲ್ಲಿ ಮೊಣಕಾಲು ಕೊಕ್ಕಿಗೆ ತಾಗುವಂತೆ ಮುದುರಿ ಕೂತಿತ್ತು. ಪಕ್ಕದ ಇಲಿ ಕೇಳಿತು: "ಯಾವ ಊರಿಗೆ ಹೊರಟಿರಿ?"

"ಯಾವ ಊರಾದರೂ ಸರಿ. ಇದು ನಲವತ್ತೊಂಬತ್ತನೇ ಪ್ರಯಾಣ. ಐವತ್ತು ಮುಗಿಸಿದವರಿಗೆ ಕಾಲು ಚಾಚುವಷ್ಟು ಜಾಗವಿರುವ ಮುಂದಿನ ಸಾಲಿನ ಸೀಟು ಕೊಡುತ್ತಾರೆ."

"ನೀವೇ ಹಾರುತ್ತಿದ್ದಾಗ ಕಾಲು ಎಲ್ಲಿಡುತ್ತಿದ್ದಿರಿ?"

"ಹಿಂದಕ್ಕೆ, ಉದ್ದಕ್ಕೆ ಚಾಚಿ. ಆಕಾಶದಲ್ಲಿ ಅಡ್ಡ ಬರುವವರು ಯಾರು?"

"ಮತ್ತೆ ಈ ಪಾಡೇಕೆ?"

ಕೊಕ್ಕರೆ ಕತ್ತು ನೆಟ್ಟಗೆ ಮಾಡಿತು. "ಆಕಾಶ ಎಲ್ಲ ಕೊಕ್ಕರೆಗೂ ಸಿಗುತ್ತದೆ, ಇಲಿರಾಯರೇ. ಆ ಸೀಟು ನನಗೊಬ್ಬನಿಗೇ."

ವಿಮಾನ ಇಳಿದದ್ದೇ ತಡ, ಅದು ಐವತ್ತನೇ ಟಿಕೆಟಿಗೆ ಕುಂಟುತ್ತ ಓಡಿತು. ಸಾಲಿನಲ್ಲಿ ಆಗಲೇ ಹನ್ನೆರಡು ಕೊಕ್ಕರೆಗಳು ಒಂಟಿಕಾಲಲ್ಲಿ ನಿಂತಿದ್ದವು. ಇದೂ ಒಂದು ಕಾಲು ಮಡಚಿ ಹಿಂದೆ ನಿಂತಿತು.