ಶಾಫ್ಟಿನ ಮೇಲಿನ ಕಂದು ಕಲೆ

ಹೊಳೆದಂಡೆಯ ಆ ಮಠದಲ್ಲಿ ನೀರೆತ್ತುವ ಪಂಪನ್ನು ಹನ್ನೆರಡು ವರ್ಷ ನೋಡಿಕೊಂಡವನು ವಿರೂಪಣ್ಣ.

ಹೊಸ ದೊಡ್ಡ ಪಂಪು ಬಂದಾಗ ಗುರು ಅಡವೀಶಜ್ಜ ಅದನ್ನು ಕುಬೇರಪ್ಪನ ಕೈಗೆ ಕೊಟ್ಟರು. ಕುಬೇರಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ನಿವೃತ್ತನಾದ ಮೇಲೆ ಶಿಷ್ಯನಾಗಿ ಬಂದವನು.

ಅಂದಿನಿಂದ ವಿರೂಪಣ್ಣನಿಗೆ ಅನ್ನ ಸೇರಲಿಲ್ಲ. ಅಜ್ಜ ಕುಬೇರಪ್ಪನ ಜೊತೆ ನಕ್ಕರೆ ಸಾಕು, ಎದ್ದು ಹೋಗುತ್ತಿದ್ದ.

ಒಂದು ಬೆಳಿಗ್ಗೆ ಕುಬೇರಪ್ಪ ಪೇಟೆಗೆ ಹೋಗಿದ್ದ. ವಿರೂಪಣ್ಣ ಹೊಸ ಪಂಪಿನ ಬೇರಿಂಗು ಬಿಚ್ಚಿದ. ಒಳಗೆ ತಿರುಗುವ ಶಾಫ್ಟಿನ ಮೇಲೆ ಕಂದು ಕಲೆ.

‘ಸಿಕ್ಕಿಬಿದ್ದ ಕುಬೇರಪ್ಪ,’ ಅಂದುಕೊಂಡ. ಪಾಲಿಶ್ ಪೇಪರ್ ಹಿಡಿದು ತಿಕ್ಕಿದ. ಕುಬೇರಪ್ಪ ಹಾಕಿದ್ದ ಎಣ್ಣೆ ಚೆಲ್ಲಿ, ತನ್ನ ಹಳೇ ಡಬ್ಬಿಯ ಎಣ್ಣೆ ಸುರಿದ. ಅಜ್ಜನನ್ನು ಕರೆತಂದ.

“ನೋಡ್ರಿ ಅಜ್ಜಾರ. ನಿಮ್ಮ ಕುಬೇರಪ್ಪ ಹೆಂಗ ಹೊಲಸು ಇಟ್ಟಿದ್ದ. ನಾ ಕನ್ನಡಿ ಮಾಡೀನಿ.”

“ಚಾಲೂ ಮಾಡು,” ಅಂದರು ಅಜ್ಜ.

ಒಂದು ತಾಸು ತಿರುಗಿತು. ಆಮೇಲೆ ಕಿರ್ರೆಂದು ಚೀರಿ, ಹೊಗೆ ಬಿಟ್ಟು, ಕಚ್ಚಿಕೊಂಡು ನಿಂತಿತು.

ಅಂದು ದಾಸೋಹಕ್ಕೆ ಮುನ್ನೂರು ಜನ. ಅಡುಗೆಗೆ ನೀರಿಲ್ಲ. ಎಂಬತ್ತರ ಅಜ್ಜ ಕೊಡ ಹೊತ್ತು ಹೊಳೆಗೆ ಇಳಿದರು. ವಿರೂಪಣ್ಣ ಹಿಂದೆಯೇ ಓಡಿದ. ಅಜ್ಜ ಕೊಡ ಬಿಟ್ಟುಕೊಡಲಿಲ್ಲ.

ಮಧ್ಯಾಹ್ನ ಕುಬೇರಪ್ಪ ಬಂದ. ಬೇರಿಂಗು ಬಿಚ್ಚಿ, ಗೀರು ಬಿದ್ದ ಶಾಫ್ಟಿನ ಮೇಲೆ ಬೆರಳಾಡಿಸಿದ.

“ಏನಾತು?” ಅಜ್ಜ ಕೇಳಿದರು.

“ನನ್ನ ತಪ್ಪು, ಅಜ್ಜಾರ. ಆ ಕಲೆ ಹೊಲಸಲ್ಲ ಅಂತ ವಿರೂಪಣ್ಣಗ ಹೇಳಬೇಕಿತ್ತು. ನನ್ನ ಎಣ್ಣಿಯೊಳಗ ಔಷಧ ಕೂಡಿಸಿರ್ತಾರ. ತಿಕ್ಕಾಟದ ಬಿಸಿಗೆ ಅದು ಉಕ್ಕಿಗೆ ಹತ್ತಿ ತೆಳ್ಳಗ ಪದರ ಕಟ್ಟತೈತಿ. ಭಾರ ಬಿದ್ದಾಗ ಉಕ್ಕಿನ ಬದಲಿ ಆ ಪದರ ಸವೀತೈತಿ. ಸವೆದಲ್ಲಿ ಮತ್ತ ಕಟ್ಟತೈತಿ. ಹಳೇ ಡಬ್ಬಿ ಎಣ್ಣಿಯೊಳಗ ಆ ಔಷಧ ಇರಂಗಿಲ್ಲ.”

ವಿರೂಪಣ್ಣನಿಗೆ ತಡೆಯಲಾಗಲಿಲ್ಲ.

“ತಪ್ಪೂ ನಿಮಗ ಬೇಕೇನು? ಅದನ್ನಾರ ನನಗ ಬಿಡ್ರಿ!” ಅಜ್ಜನ ಕಡೆ ತಿರುಗಿದ. “ಅಜ್ಜಾರ, ಮಾಡಿದಾಂವ ನಾನು. ಹೊಟ್ಟಿಕಿಚ್ಚಿಗೆ ಮಾಡಿದೆ. ಹನ್ನೆರಡು ವರ್ಷ ದುಡಿದೆ. ಈಗ ನಿಮ್ಮ ಮಾತು, ನಗು, ಎಲ್ಲಾ ಇವರ ಕೂಡ. ನನ್ನಿಂದ ನಿಮಗ ಇನ್ನೇನು ಆಗಬೇಕೈತಿ?”

ಅಜ್ಜ ಕೊಡ ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತರು.

“ಕುಬೇರಪ್ಪ ಈಗ ಹೇಳಿದ್ದು ನನಗ ಅರ್ಧಾನೂ ತಿಳೀಲಿಲ್ಲ, ವಿರೂಪಣ್ಣ. ನೀ ಅವನ ಹತ್ತರ ಕಲಿ. ಆಮ್ಯಾಲೆ ಬಂದು ನನಗ ಕಲಿಸು.”